107 ಹೆಸರು, ಒಂದೇ ಮತ: ಅಮೆರಿಕದ ಸೆನೆಟ್‌ನಲ್ಲಿ ‘ಒಪ್ಪಿಗೆ’ ಅಂದರೆ ಈಗ ಏನು?

2025ರ ಅಕ್ಟೋಬರ್ 7ರಂದು ಸರ್ಜಿಯೊ ಗೋರ್ ಅವರನ್ನು ಭಾರತಕ್ಕೆ ರಾಯಭಾರಿಯಾಗಿ ಕಳಿಸಲು ಅಮೆರಿಕದ ಶಾಸಕಾಂಗದ ಮೇಲ್ಮನೆಯಾದ ಸೆನೆಟ್ ಒಪ್ಪಿತು. ಪರವಾಗಿ 51, ವಿರುದ್ಧ 47 ಮತ. ಸುದ್ದಿ ಓದಿದವರಿಗೆ ಇದು ಗೋರ್ ಬಗ್ಗೆ ನಡೆದ ಮತದಾನ ಅನಿಸಿರಬಹುದು. ಹಾಗಲ್ಲ. ಅದೇ ಒಂದು ಮತದಲ್ಲಿ ಇನ್ನೂ 106 ಜನ ಪಾಸಾದರು. ಮಾಜಿ ಫುಟ್‌ಬಾಲ್ ಆಟಗಾರ ಹರ್ಷೆಲ್ ವಾಕರ್ ಬಹಾಮಾಸ್‌ಗೆ ರಾಯಭಾರಿಯಾದದ್ದೂ ಅದೇ ಪಟ್ಟಿಯಲ್ಲಿ.

ಗೋರ್‌ಗಿಂತ ಮುಂಚೆ ದೆಹಲಿಯಲ್ಲಿದ್ದ ರಾಯಭಾರಿ ಎರಿಕ್ ಗಾರ್ಸೆಟ್ಟಿ. ಅವರ ಹೆಸರನ್ನು ಅಧ್ಯಕ್ಷ ಬೈಡನ್ ಕಳಿಸಿದ್ದು 2021ರ ಜುಲೈನಲ್ಲಿ. ಸೆನೆಟ್ ಒಪ್ಪಿದ್ದು 2023ರ ಮಾರ್ಚ್ 15ಕ್ಕೆ. ಇಪ್ಪತ್ತು ತಿಂಗಳು! ಗೋರ್ ವಿಷಯದಲ್ಲಿ ಟ್ರಂಪ್ ಹೆಸರು ಹೇಳಿದ ದಿನದಿಂದ ಒಪ್ಪಿಗೆ ಸಿಗುವವರೆಗೆ ಹಿಡಿದದ್ದು ಆರೂವರೆ ವಾರ.

ಸಭೆ ಅದೇ, ಹುದ್ದೆ ಅದೇ, ಸಂವಿಧಾನದ ಸಾಲೂ ಅದೇ. ಹಾಗಾದರೆ ನಡುವೆ ಬದಲಾದದ್ದೇನು? ಒಬ್ಬರನ್ನು ಎರಡು ವರ್ಷದ ಹತ್ತಿರ ಹತ್ತಿರ ಕಾಯಿಸಿದ ಸಭೆ, 107 ಜನರನ್ನು ಒಂದೇ ಏಟಿಗೆ ಹೇಗೆ ಒಪ್ಪಿತು?

ಶಾಸಕಾಂಗ ಯಾಕೆ ನೇಮಕಕ್ಕೆ ಕೈ ಹಾಕಬೇಕು?

ನಮಗೆ ಈ ಪದ್ಧತಿಯೇ ಸ್ವಲ್ಪ ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ರಾಜ್ಯಪಾಲರು, ರಾಯಭಾರಿಗಳು ರಾಷ್ಟ್ರಪತಿಯ ಹೆಸರಿನಲ್ಲಿ ನೇಮಕವಾಗುತ್ತಾರೆ. ತೀರ್ಮಾನ ಕೇಂದ್ರ ಸರ್ಕಾರದ್ದು. ಲೋಕಸಭೆಯಾಗಲಿ ರಾಜ್ಯಸಭೆಯಾಗಲಿ ಒಬ್ಬೊಬ್ಬರ ಹೆಸರಿಗೆ ಮತ ಹಾಕುವುದಿಲ್ಲ.

ಕೆಲವು ಹುದ್ದೆಗಳಿಗೆ ಮಾತ್ರ ಆಯ್ಕೆ ಸಮಿತಿ ಇದೆ. ಕರ್ನಾಟಕದ ಡಿಜಿಪಿ ಆಗಿದ್ದ ಪ್ರವೀಣ್ ಸೂದ್ 2023ರಲ್ಲಿ ಸಿಬಿಐ ನಿರ್ದೇಶಕರಾದದ್ದು ಇಂಥ ಸಮಿತಿಯ ಮೂಲಕವೇ. ಅದರಲ್ಲಿ ಪ್ರಧಾನಿ, ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಮತ್ತು ಲೋಕಸಭೆಯ ವಿರೋಧ ಪಕ್ಷದ ಕಡೆಯ ನಾಯಕರು ಇರುತ್ತಾರೆ. ವಿರೋಧ ಪಕ್ಷಕ್ಕೆ ಒಂದು ಕುರ್ಚಿ ಇದೆ, ಆದರೆ ತಡೆಯುವ ಶಕ್ತಿ ಇಲ್ಲ.

ಅಮೆರಿಕ ಬೇರೆ ದಾರಿ ಹಿಡಿಯಿತು. ಅದಕ್ಕೆ ಕಾರಣ ಅವರ ಸರ್ಕಾರದ ರಚನೆಯಲ್ಲೇ ಇದೆ. ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗಲೇಬೇಕು. ದಿನಾ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಅವಿಶ್ವಾಸ ಮತಕ್ಕೆ ಸೋತರೆ ಇಡೀ ಸರ್ಕಾರವೇ ಬೀಳುತ್ತದೆ. ಅಮೆರಿಕದಲ್ಲಿ ಇದು ತಲೆಕೆಳಗು. ಮಂತ್ರಿಯಾದವರು ಶಾಸಕಾಂಗದಲ್ಲಿ ಇರುವಂತೆಯೇ ಇಲ್ಲ. ಮಾರ್ಕೊ ರುಬಿಯೊ 2025ರ ಜನವರಿಯಲ್ಲಿ ವಿದೇಶಾಂಗ ಸಚಿವರಾಗಲು ತಮ್ಮ ಸೆನೆಟ್ ಸ್ಥಾನವನ್ನು ಬಿಡಬೇಕಾಯಿತು. ಒಮ್ಮೆ ಕುರ್ಚಿಯಲ್ಲಿ ಕೂತ ಮೇಲೆ ಅವರನ್ನು ಅವಿಶ್ವಾಸ ಮತದಿಂದ ಇಳಿಸುವ ದಾರಿ ಶಾಸಕಾಂಗಕ್ಕಿಲ್ಲ. ಅಷ್ಟು ದೊಡ್ಡ ಕೆಲಸಕ್ಕೆ ಮಹಾಭಿಯೋಗವೇ ಬೇಕು. ಹಾಗಾಗಿ ಒಳಗೆ ಬಿಟ್ಟುಕೊಳ್ಳುವ ಮುಂಚೆ ಬಾಗಿಲಲ್ಲೇ ನಿಲ್ಲಿಸಿ ನೋಡುವ ಏರ್ಪಾಡು ಮಾಡಿದರು.

ಸಂವಿಧಾನದ ಎರಡನೇ ವಿಧಿ ಹೇಳುವುದು ಇಷ್ಟು: ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಪಡೆದು ನೇಮಿಸಬೇಕು. ಸಚಿವರು, ರಾಯಭಾರಿಗಳು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಎಲ್ಲರಿಗೂ ಇದೇ ನಿಯಮ. ಕೆಳಗಿನ ಅಧಿಕಾರಿಗಳ ವಿಷಯದಲ್ಲಿ ಕಾನೂನು ಮಾಡಿ ವಿನಾಯಿತಿ ಕೊಡಬಹುದು. ಎಷ್ಟು ದಿನದಲ್ಲಿ ಒಪ್ಪಬೇಕು? ಎಷ್ಟು ಚರ್ಚೆ ಆಗಬೇಕು? ಮತಕ್ಕೇ ಹಾಕದೆ ಸುಮ್ನೆ ಕೂತರೆ ಏನಾಗಬೇಕು? ಸಂವಿಧಾನದಲ್ಲಿ ಇದಕ್ಕೆಲ್ಲ ಒಂದಕ್ಷರದ ಉತ್ತರವೂ ಇಲ್ಲ. ಮುಂದೆ ಹುಟ್ಟಿದ ಜಗಳಗಳ ಬೇರು ಈ ಖಾಲಿ ಜಾಗದಲ್ಲೇ ಇದೆ.

ಒಂದು ಹೆಸರು ಸಾಗುವ ದಾರಿ

ಇವತ್ತು ಸೆನೆಟ್ ಒಪ್ಪಿಗೆ ಬೇಕಾದ ನಾಗರಿಕ ಹುದ್ದೆಗಳು ಸುಮಾರು 1,300 ಇವೆ. ಪ್ರತಿಯೊಂದಕ್ಕೂ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಶ್ವೇತಭವನ ಹೆಸರು ಆರಿಸುತ್ತದೆ. ಎಫ್‌ಬಿಐ ಹಿನ್ನೆಲೆ ತಪಾಸಣೆ ಮಾಡುತ್ತದೆ. ಆಸ್ತಿ, ಷೇರು, ಸಾಲದ ವಿವರವನ್ನು ಸರ್ಕಾರಿ ನೈತಿಕತೆಯ ಕಚೇರಿ ನೋಡುತ್ತದೆ. ಆಮೇಲೆ ಹೆಸರು ಸೆನೆಟ್‌ಗೆ ಬಂದು ಸಂಬಂಧಪಟ್ಟ ಸಮಿತಿಗೆ ಹೋಗುತ್ತದೆ. ರಾಯಭಾರಿಯಾದರೆ ವಿದೇಶಾಂಗ ಸಮಿತಿ, ನ್ಯಾಯಾಧೀಶರಾದರೆ ನ್ಯಾಯಾಂಗ ಸಮಿತಿ. ಟಿವಿಯಲ್ಲಿ ನಾವು ನೋಡುವ ಬಿಸಿಬಿಸಿ ಪ್ರಶ್ನೋತ್ತರ ಈ ಸಮಿತಿಯಲ್ಲೇ ನಡೆಯುತ್ತದೆ. ಸಮಿತಿ ಮತ ಹಾಕಿ ಕಳಿಸಿದ ಮೇಲೆ ಹೆಸರು ಇಡೀ ಸಭೆಯ ಪಟ್ಟಿಗೆ ಏರುತ್ತದೆ.

ಇಲ್ಲಿಂದ ಮುಂದೆ ಎರಡು ದಾರಿ. ಸುಲಭದ್ದು ಸರ್ವಾನುಮತದ ದಾರಿ. ಯಾರದ್ದೂ ತಕರಾರಿಲ್ಲ ಎಂದರೆ ಸಭೆ ಒಂದೇ ನಿಮಿಷದಲ್ಲಿ ಒಪ್ಪಿಬಿಡುತ್ತದೆ. ಹಿಂದೆಲ್ಲ ಸಣ್ಣ ಹುದ್ದೆಗಳು ಹೀಗೇ ಗುಂಪುಗುಂಪಾಗಿ ಪಾಸಾಗುತ್ತಿದ್ದವು. ಕಟ್ಟುಕಟ್ಟಾಗಿ ಒಪ್ಪುವುದು 2025ರಲ್ಲಿ ಹುಟ್ಟಿದ ಸಂಗತಿ ಅಲ್ಲ ಎಂಬುದನ್ನು ಇಲ್ಲೇ ಗಮನಿಸಬೇಕು. ಎಲ್ಲರೂ ಸೇರಿ ಒಪ್ಪಿದರೆ ಅದು ಯಾವತ್ತೂ ಇತ್ತು.

ಒಬ್ಬರೇ ಒಬ್ಬ ಸೆನೆಟರ್ ‘ನಾನೊಪ್ಪಲ್ಲ’ ಎಂದರೆ ಕಷ್ಟದ ದಾರಿ ಶುರು. ಇದನ್ನು ಅಲ್ಲಿ ‘ಹೋಲ್ಡ್’ ಎನ್ನುತ್ತಾರೆ. ಹೋಲ್ಡ್ ಹಾಕಿದವರಿಗೆ ನೇಮಕವನ್ನು ಸೋಲಿಸುವ ಶಕ್ತಿ ಇಲ್ಲ, ಆದರೆ ಸಭೆಯ ಸಮಯ ತಿನ್ನಿಸುವ ಶಕ್ತಿ ಇದೆ. ಆಗ ಚರ್ಚೆ ಮುಗಿಸುವುದಕ್ಕೇ ಒಂದು ಮತದಾನ ಆಗಬೇಕು. ಅದಕ್ಕೆ ‘ಕ್ಲೋಚರ್’ ಎಂದು ಹೆಸರು. ಅದಾದ ಮೇಲೆ ನಿಗದಿತ ಗಂಟೆಗಳ ಚರ್ಚೆ. ಕೊನೆಗೆ ಅಸಲಿ ಮತದಾನ.

ಸೋಲಿಸುವುದು ಅಪರೂಪ, ಕಾಯಿಸುವುದು ಮಾಮೂಲು

ಸೆನೆಟ್ ಸಚಿವರ ಹೆಸರನ್ನು ನೇರ ಮತದಲ್ಲಿ ಸೋಲಿಸಿದ್ದು ಕೊನೆಯ ಸಲ 1989ರಲ್ಲಿ. ರಕ್ಷಣಾ ಸಚಿವರಾಗಬೇಕಿದ್ದ ಜಾನ್ ಟವರ್ 47–53ರಲ್ಲಿ ಸೋತರು. ಅಲ್ಲಿಂದೀಚೆಗೆ ಒಬ್ಬರೂ ಇಲ್ಲ. ಹಾಗೆಂದ ಮಾತ್ರಕ್ಕೆ ತಡೆ ಕೆಲಸ ಮಾಡುತ್ತಿಲ್ಲ ಎಂದು ಹೇಳುವಂತಿಲ್ಲ. ಸೋಲು ಖಚಿತ ಅನಿಸಿದಾಗ ಹೆಸರೇ ವಾಪಸ್ ಆಗುತ್ತದೆ. 2024ರ ನವೆಂಬರ್ 13ರಂದು ಟ್ರಂಪ್ ನ್ಯಾಯ ಇಲಾಖೆ ನಡೆಸುವ ಅಟಾರ್ನಿ ಜನರಲ್ ಹುದ್ದೆಗೆ ಮ್ಯಾಟ್ ಗೇಟ್ಸ್ ಹೆಸರು ಹೇಳಿದರು. ತಮ್ಮದೇ ರಿಪಬ್ಲಿಕನ್ ಪಕ್ಷದ ಸೆನೆಟರ್‌ಗಳು ಕೈ ಹಿಡಿಯುವುದಿಲ್ಲ ಎಂದು ಗೊತ್ತಾಗಿ, ಎಂಟೇ ದಿನದಲ್ಲಿ ಗೇಟ್ಸ್ ಹಿಂದೆ ಸರಿದರು. ಸಂವಿಧಾನ ರಚನೆಯ ಕಾಲದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಾದಿಸಿದ್ದೂ ಇದನ್ನೇ. ಸೆನೆಟ್ ಇದೆ ಎಂಬ ಅರಿವೇ ಅಧ್ಯಕ್ಷರಿಗೆ ಕಡಿವಾಣ ಹಾಕುತ್ತದೆ, ನೆಂಟರಿಗೂ ಹೊಗಳುಭಟ್ಟರಿಗೂ ಹುದ್ದೆ ಹಂಚುವುದನ್ನು ಸದ್ದಿಲ್ಲದೆ ತಡೆಯುತ್ತದೆ ಎಂದು ಅವರು ನಂಬಿದ್ದರು.

ಕಾಯಿಸುವುದರ ಕಥೆಯೇ ಬೇರೆ. ಅಲ್ಲಿ ಬಹಳ ಸಲ ಅಭ್ಯರ್ಥಿಯ ಯೋಗ್ಯತೆಗೂ ತಕರಾರಿಗೂ ಸಂಬಂಧವೇ ಇರುವುದಿಲ್ಲ. 2021ರಲ್ಲಿ ಸೆನೆಟರ್ ಟೆಡ್ ಕ್ರೂಝ್ ಹತ್ತಾರು ರಾಯಭಾರಿಗಳ ಹೆಸರು ತಡೆದಿಟ್ಟರು. ಅವರ ಸಿಟ್ಟು ಇದ್ದದ್ದು ರಷ್ಯಾದಿಂದ ಜರ್ಮನಿಗೆ ಬರುವ ಗ್ಯಾಸ್ ಪೈಪ್‌ಲೈನ್ ಮೇಲೆ. 2023ರಲ್ಲಿ ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್ ಒಬ್ಬರೇ 400ಕ್ಕೂ ಜಾಸ್ತಿ ಸೇನಾಧಿಕಾರಿಗಳ ಬಡ್ತಿಯನ್ನು ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ನಿಲ್ಲಿಸಿದರು. ಅವರಿಗೆ ಬೇಡವಾಗಿದ್ದದ್ದು ಗರ್ಭಪಾತಕ್ಕೆ ಬೇರೆ ರಾಜ್ಯಕ್ಕೆ ಹೋಗುವ ಸೈನಿಕರ ಪ್ರಯಾಣ ವೆಚ್ಚ ಕೊಡುವ ಪೆಂಟಗನ್ ನೀತಿ. ಆ ಅಧಿಕಾರಿಗಳಿಗೂ ಆ ನೀತಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಅಧ್ಯಕ್ಷರಿಗೆ ಬೇಕಾದ ವಸ್ತು ಸೆನೆಟರ್ ಕೈಯಲ್ಲಿತ್ತು. ಚೌಕಾಸಿಗೆ ಅಷ್ಟು ಸಾಕು.

ಗಾರ್ಸೆಟ್ಟಿಯ ವಿಷಯ ಇದಕ್ಕಿಂತ ಸ್ವಲ್ಪ ಭಿನ್ನ. ಅಲ್ಲಿ ತಕರಾರು ವ್ಯಕ್ತಿಯ ಮೇಲೆಯೇ ಇತ್ತು. ಅವರು ಲಾಸ್ ಏಂಜಲೀಸ್ ಮೇಯರ್ ಆಗಿದ್ದಾಗ ಆಪ್ತ ಸಹಾಯಕರೊಬ್ಬರ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂದಿತ್ತು. ಮೇಯರ್‌ಗೆ ಅದು ಗೊತ್ತಿತ್ತೇ ಎಂಬುದು ಪ್ರಶ್ನೆ. ಗೊತ್ತಿರಲಿಲ್ಲ ಎಂದು ಗಾರ್ಸೆಟ್ಟಿ ಹೇಳಿದರು. ಅಷ್ಟರಲ್ಲಿ ಆ ಸೆನೆಟ್‌ನ ಅವಧಿಯೇ ಮುಗಿಯಿತು. ಅವಧಿ ಮುಗಿದರೆ ಬಾಕಿ ಹೆಸರುಗಳು ಅಧ್ಯಕ್ಷರಿಗೆ ವಾಪಸ್ ಹೋಗುತ್ತವೆ. 2023ರ ಜನವರಿಯಲ್ಲಿ ಬೈಡನ್ ಅದೇ ಹೆಸರನ್ನು ಮತ್ತೆ ಕಳಿಸಿದರು. ಕೊನೆಗೆ 52–42ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಅಂಕಿಯ ಒಳಗೆ ನೋಡಿದರೆ ಒಂದು ವಿಶೇಷ ಕಾಣುತ್ತದೆ. ಮೂವರು ಡೆಮಾಕ್ರಟರು ತಮ್ಮ ಅಧ್ಯಕ್ಷರ ಆಯ್ಕೆಯನ್ನೇ ವಿರೋಧಿಸಿದರು, ಏಳು ರಿಪಬ್ಲಿಕನ್ನರು ಬೆಂಬಲಿಸಿದರು. ತಡವಾಯಿತು ನಿಜ. ಆದರೆ ಆ ಮತ ಒಬ್ಬ ಮನುಷ್ಯನನ್ನು ನೋಡಿ ಹಾಕಿದ ಮತ. ಗೋರ್ ಪಟ್ಟಿಗೆ ಬಿದ್ದ 51–47ರಲ್ಲಿ ಗೋರ್ ಬಗ್ಗೆ ಯಾರ ಅಭಿಪ್ರಾಯ ಏನಿತ್ತು ಎಂದು ತಿಳಿಯುವ ದಾರಿಯೇ ಇಲ್ಲ.

ಹಲ್ಲೆಗೆರೆ ಮೂಲದ ವೈದ್ಯರು ಮತ್ತು ಅರವತ್ತರ ಗೋಡೆ

ಈ ಬದಲಾವಣೆಯ ಮೊದಲ ಹೆಜ್ಜೆ ಅರ್ಥವಾಗಲು ಕನ್ನಡಿಗರಿಗೆ ಪರಿಚಯದ ಹೆಸರೊಂದಿದೆ. ಡಾ. ವಿವೇಕ್ ಮೂರ್ತಿ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ಕುಟುಂಬದ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಆರಿಸಿದರು. ಇಡೀ ದೇಶಕ್ಕೆ ಆರೋಗ್ಯದ ಬಗ್ಗೆ ಸಲಹೆ ಕೊಡುವ ಹುದ್ದೆ ಅದು.

ಮೂರ್ತಿ ಅದಕ್ಕೆ ಒಂದು ವರ್ಷ ಮುಂಚೆ ಟ್ವಿಟರ್‌ನಲ್ಲಿ ಬಂದೂಕು ಕೂಡ ಆರೋಗ್ಯದ ವಿಷಯವೇ ಎಂಬರ್ಥದ ಮಾತು ಬರೆದಿದ್ದರು. ಬಂದೂಕು ಮಾಲೀಕರ ಪ್ರಬಲ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅವರ ವಿರುದ್ಧ ನಿಂತಿತು. 2014 ಚುನಾವಣೆಯ ವರ್ಷ. ಬಂದೂಕು ಪ್ರಿಯ ರಾಜ್ಯಗಳ ಡೆಮಾಕ್ರಟ್ ಸೆನೆಟರ್‌ಗಳೇ ಹೆದರಿದರು. ಹೆಸರು ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. ಆ ವರ್ಷದ ಕೊನೆಯಲ್ಲಿ ಎಬೋಲಾ ಭಯ ಅಮೆರಿಕವನ್ನು ಹಿಡಿದಾಗಲೂ ದೇಶಕ್ಕೆ ಕಾಯಂ ಸರ್ಜನ್ ಜನರಲ್ ಇರಲಿಲ್ಲ.

ನವೆಂಬರ್‌ನಲ್ಲಿ ಚುನಾವಣೆ ಮುಗಿಯಿತು. ಡಿಸೆಂಬರ್‌ನಲ್ಲಿ ಕ್ರೂಝ್ ಮತ್ತು ಕೆಲವರು ಒಬಾಮ ಅವರ ವಲಸೆ ಆದೇಶದ ವಿರುದ್ಧ ಹಟ ಹಿಡಿದು ಸೆನೆಟ್ ಅನ್ನು ಶನಿವಾರವೂ ಕೂರಿಸಿದರು. ಬಹುಮತದ ನಾಯಕ ಹ್ಯಾರಿ ರೀಡ್ ಆ ಹೆಚ್ಚುವರಿ ದಿನವನ್ನೇ ಬಳಸಿಕೊಂಡು ಬಾಕಿ ಬಿದ್ದಿದ್ದ ಹೆಸರುಗಳನ್ನು ಸಾಲಾಗಿ ಮುಂದಕ್ಕೆ ತಂದರು. ತಡೆಯಲು ಹೋದವರೇ ದಾರಿ ಬಿಟ್ಟಂತಾಯಿತು. ಡಿಸೆಂಬರ್ 15ರಂದು ಮೂರ್ತಿ 51–43ರಲ್ಲಿ ಗೆದ್ದರು.

51 ಎಂಬ ಅಂಕಿ ನೋಡಿ. ಹಳೆಯ ನಿಯಮದಲ್ಲಿ ಅದು ಸಾಲುತ್ತಿರಲಿಲ್ಲ. ಚರ್ಚೆ ಮುಗಿಸಲು 100 ಸೆನೆಟರ್‌ಗಳಲ್ಲಿ 60 ಜನ ಬೇಕಿತ್ತು. ಒಪ್ಪಿಗೆಗೆ ಸರಳ ಬಹುಮತ ಸಾಕು, ಆದರೆ ಒಪ್ಪಿಗೆಯ ಬಾಗಿಲಿಗೆ ಬರಲು 60 ಬೇಕು! ಮೇಲ್ಮನವಿ ನ್ಯಾಯಾಲಯದ ಮೂರು ಸ್ಥಾನಗಳಿಗೆ ಒಬಾಮ ಕಳಿಸಿದ ಹೆಸರುಗಳನ್ನು ರಿಪಬ್ಲಿಕನ್ನರು ಈ ಗೋಡೆಯಲ್ಲಿ ತಡೆದಿದ್ದರು. ಬೇಸತ್ತ ರೀಡ್ 2013ರ ನವೆಂಬರ್ 21ರಂದು ಗೋಡೆಯನ್ನೇ ಕೆಡವಿದರು. ಸುಪ್ರೀಂ ಕೋರ್ಟ್ ಬಿಟ್ಟು ಉಳಿದೆಲ್ಲ ನೇಮಕಗಳಿಗೂ ಸರಳ ಬಹುಮತ ಸಾಕು ಎಂದಾಯಿತು. ಮೂರ್ತಿ ಒಳಗೆ ಬಂದದ್ದು ಆ ಬಿರುಕಿನಲ್ಲಿ.

ಮುಂದಿನದನ್ನೂ ಇಲ್ಲೇ ಹೇಳಿಬಿಡಬೇಕು. 2017ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಮೂರ್ತಿಯವರನ್ನು ಅವಧಿಗೆ ಮುಂಚೆಯೇ ತೆಗೆಯಿತು. ಅದಕ್ಕೆ ಸೆನೆಟ್‌ನ ಒಪ್ಪಿಗೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಇಂಥ ಹುದ್ದೆಯಲ್ಲಿ ಕೂರಿಸಲು ಸೆನೆಟ್ ಬೇಕು, ಎಬ್ಬಿಸಲು ಅಧ್ಯಕ್ಷರೊಬ್ಬರೇ ಸಾಕು. 2021ರಲ್ಲಿ ಬೈಡನ್ ಮತ್ತೆ ಕರೆದಾಗ ಮೂರ್ತಿ ಪುನಃ ಸೆನೆಟ್ ಮುಂದೆ ನಿಂತು 57–43ರಲ್ಲಿ ಗೆದ್ದು ಬಂದರು.

ನಿಯಮದ ಪುಸ್ತಕ ಮುಟ್ಟದೆ ನಿಯಮ ಬದಲಿಸುವುದು

ಗೋಡೆ ಕೆಡವಿದರು ಎಂದೆವಲ್ಲ, ಹೇಗೆ? ಸೆನೆಟ್‌ನ ಬರೆದಿಟ್ಟ ನಿಯಮ ತಿದ್ದಬೇಕಾದರೆ, ಆ ಚರ್ಚೆ ಮುಗಿಸುವುದಕ್ಕೇ ಮೂರನೇ ಎರಡರಷ್ಟು ಮತ ಬೇಕು. ಇವತ್ತಿನ ಅಮೆರಿಕದಲ್ಲಿ ಅದು ಆಗದ ಮಾತು. ಹಾಗಾಗಿ ಒಂದು ಅಡ್ಡದಾರಿ ಹುಡುಕಿದ್ದಾರೆ.

ಬಹುಮತದ ನಾಯಕ ಎದ್ದು ನಿಂತು, ನಿಯಮಕ್ಕೆ ವಿರುದ್ಧವಾದ ಒಂದು ಬೇಡಿಕೆ ಇಡುತ್ತಾರೆ. ಸಭಾಪತಿಯ ಕುರ್ಚಿಯಲ್ಲಿರುವವರು ‘ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ’ ಎನ್ನುತ್ತಾರೆ. ನಾಯಕರು ಆ ತೀರ್ಪನ್ನು ಪ್ರಶ್ನಿಸುತ್ತಾರೆ. ತೀರ್ಪು ಉಳಿಯಬೇಕೋ ಬೀಳಬೇಕೋ ಎಂದು ಮತಕ್ಕೆ ಹಾಕುತ್ತಾರೆ. ಇದಕ್ಕೆ ಸರಳ ಬಹುಮತ ಸಾಕು. ತೀರ್ಪು ಬಿದ್ದರೆ ಅದೇ ಹೊಸ ಪದ್ಧತಿ. ಪುಸ್ತಕದಲ್ಲಿ ಹಳೆಯ ಸಾಲು ಹಾಗೇ ಇರುತ್ತದೆ, ಅದರ ಅರ್ಥ ಮಾತ್ರ ಬೇರೆಯಾಗಿರುತ್ತದೆ. ಇದಕ್ಕೆ ಅಲ್ಲಿ ‘ನ್ಯೂಕ್ಲಿಯರ್ ಆಪ್ಷನ್’ ಎಂಬ ಭಯಂಕರ ಹೆಸರಿದೆ. ಹೆಸರಿಗೆ ಅಣುಬಾಂಬ್, ಆದರೆ ಹತ್ತು-ಹನ್ನೆರಡು ವರ್ಷದಲ್ಲಿ ಇದು ದೀಪಾವಳಿ ಪಟಾಕಿಯಷ್ಟು ಮಾಮೂಲಾಗಿದೆ.

2013ರಲ್ಲಿ ಡೆಮಾಕ್ರಟರು ಹಚ್ಚಿದರು. ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ, ನೀವಂದುಕೊಂಡಿದ್ದಕ್ಕಿಂತ ಬೇಗ ಪಡುತ್ತೀರಿ ಎಂದು ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಆಗಲೇ ಎಚ್ಚರಿಸಿದ್ದರು. ಆ ಮಾತು ನಿಜ ಮಾಡಿದವರೂ ಅವರೇ. 2017ರಲ್ಲಿ ಸುಪ್ರೀಂ ಕೋರ್ಟ್‌ಗೂ 60ರ ಗೋಡೆ ತೆಗೆದು ನೀಲ್ ಗಾರ್ಸಚ್ ಅವರನ್ನು ಕೂರಿಸಿದರು. 2019ರಲ್ಲಿ ಕೆಳಹಂತದ ಹುದ್ದೆಗಳಿಗೆ ಕ್ಲೋಚರ್ ನಂತರದ ಚರ್ಚೆಯನ್ನು 30 ಗಂಟೆಯಿಂದ 2 ಗಂಟೆಗೆ ಇಳಿಸಿದರು. ನಂತರದ ಹೆಜ್ಜೆ 2025ರ ಸೆಪ್ಟೆಂಬರ್ 11. ಬಹುಮತದ ನಾಯಕ ಜಾನ್ ಥೂನ್ ಅದೇ ಉಪಾಯದಿಂದ, 53–45 ಮತದಲ್ಲಿ, ಹಲವು ಹೆಸರುಗಳನ್ನು ಒಂದೇ ಕಟ್ಟಾಗಿ ತರಲು ದಾರಿ ಮಾಡಿಕೊಂಡರು. ಸೆಪ್ಟೆಂಬರ್ 18ಕ್ಕೆ ಮೊದಲ ಕಟ್ಟಿನಲ್ಲಿ 48 ಜನ. ಅಕ್ಟೋಬರ್ 7ಕ್ಕೆ 107.

ಗೋರ್ ಅವರ ಸಮಿತಿ ವಿಚಾರಣೆ ನಡೆದದ್ದೂ ಆ ಸೆಪ್ಟೆಂಬರ್ 11ರಂದೇ. ಅದಕ್ಕಿಂತ ಮುಂಚೆ ಅವರು ಮಾಡುತ್ತಿದ್ದ ಕೆಲಸ ಶ್ವೇತಭವನದ ನೇಮಕಾತಿ ಕಚೇರಿಯ ಮುಖ್ಯಸ್ಥಗಿರಿ. ಟ್ರಂಪ್ ಆಡಳಿತಕ್ಕೆ ಜನರನ್ನು ಆರಿಸುತ್ತಿದ್ದ ಕಚೇರಿಯ ಯಜಮಾನರು ತಾವೂ ಕಟ್ಟಿನೊಳಗಿನ ಒಂದು ಹೆಸರಾಗಿ ಹೊರಬಂದರು.

ಎರಡೂ ಕಡೆಯ ವಾದ

ರಿಪಬ್ಲಿಕನ್ನರ ವಾದ ಲೆಕ್ಕದ್ದು. 2025ರಲ್ಲಿ ಡೆಮಾಕ್ರಟರು ಸರ್ವಾನುಮತದ ಸುಲಭ ದಾರಿಯನ್ನು ಪೂರ್ತಿ ಮುಚ್ಚಿದರು. ಸಣ್ಣಪುಟ್ಟ ಹುದ್ದೆಗೂ ಪೂರ್ತಿ ಮತದಾನ ಬೇಕೆಂದರು. 107 ಜನರಿಗೆ ತಲಾ 2 ಗಂಟೆ ಚರ್ಚೆ ಎಂದರೆ 214 ಗಂಟೆ. ದಿನಕ್ಕೆ 8 ಗಂಟೆ ಕೂತರೂ 27 ದಿನ. ಜೊತೆಗೆ ತಲಾ ಎರಡು ಮತದಾನ. ಮಸೂದೆ, ಬಜೆಟ್ ಎಲ್ಲ ಬದಿಗಿಟ್ಟು ಇದನ್ನೇ ಮಾಡಬೇಕು. ಜನ ಆರಿಸಿದ ಅಧ್ಯಕ್ಷರಿಗೆ ತಮ್ಮ ತಂಡ ಕಟ್ಟಿಕೊಳ್ಳುವ ಹಕ್ಕಿಲ್ಲವೇ ಎಂಬುದು ಅವರ ಪ್ರಶ್ನೆ. ಅವರ ಹತ್ತಿರ ಇನ್ನೊಂದು ಚುರುಕು ಉತ್ತರವೂ ಇತ್ತು. ಕಟ್ಟು ಮಾಡುವ ಯೋಚನೆ 2023ರಲ್ಲಿ ಡೆಮಾಕ್ರಟ್ ಸೆನೆಟರ್ ಏಮಿ ಕ್ಲೋಬುಚರ್ ಅವರದ್ದೇ. ನಿಜ, ಆದರೆ ಪೂರ್ತಿ ನಿಜವಲ್ಲ. ಅವರು ಒಂದು ಕಟ್ಟಿಗೆ 10 ಹೆಸರಿನ ಮಿತಿ ಹಾಕಿದ್ದರು. ರಿಪಬ್ಲಿಕನ್ನರು ಆ ಮಿತಿಯನ್ನು ತೆಗೆದರು.

ಡೆಮಾಕ್ರಟರು ಹೇಳುವುದು ಹೀಗೆ: ನಮ್ಮಲ್ಲಿರುವುದು 47 ಸ್ಥಾನ. ಸೋಲಿಸಲು ಆಗುವುದಿಲ್ಲ. ಅಯೋಗ್ಯರು ಎಂದು ನಮಗನಿಸಿದವರ ಬಗ್ಗೆ ಜನರ ಗಮನ ಸೆಳೆಯಲು ಸಮಯವೊಂದೇ ಆಯುಧ. 107 ಜನರನ್ನು ಒಟ್ಟಿಗೆ ಕಟ್ಟಿದರೆ ಒಳ್ಳೆಯವರ ಮರೆಯಲ್ಲಿ ಕೆಟ್ಟವರೂ ದಾಟುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಎಲ್ಲ ಹೆಸರನ್ನೂ ಒಂದೇ ಸಮ ತಡೆದವರು ಯೋಗ್ಯರನ್ನೂ ಅಯೋಗ್ಯರನ್ನೂ ಬೇರೆ ಮಾಡಿ ನೋಡುತ್ತಿದ್ದರು ಎಂದು ಹೇಳುವುದು ಕಷ್ಟ ಅಲ್ವಾ? ಆ ವರ್ಷದ ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಒಪ್ಪಂದದ ಮಾತುಕತೆ ನಡೆದಿತ್ತು. ಕೆಲವು ಹೆಸರು ಬಿಡುತ್ತೇವೆ, ನೀವು ತಡೆದಿಟ್ಟ ಅನುದಾನ ಬಿಡಿ ಎಂದು ಡೆಮಾಕ್ರಟ್ ನಾಯಕ ಚಕ್ ಶೂಮರ್ ಕೇಳಿದರು. ನರಕಕ್ಕೆ ಹೋಗಲಿ ಎಂದು ಟ್ರಂಪ್ ಸಾಮಾಜಿಕ ಜಾಲತಾಣದಲ್ಲಿ ಬರೆದರು, ಮಾತುಕತೆ ಮುರಿಯಿತು. ಆ ಮೇಜಿನ ಮೇಲೆ ಯಾವ ಅಭ್ಯರ್ಥಿಯ ಯೋಗ್ಯತೆಯೂ ಇರಲಿಲ್ಲ, ಇದ್ದದ್ದು ಸಮಯ ಮತ್ತು ದುಡ್ಡು. ಒಂದು ಪಕ್ಷ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತಡೆಯಿತು, ಇನ್ನೊಂದು ಪಕ್ಷ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ಹಾಕಿ ಒಪ್ಪಿತು.

ಮೂರನೆಯ ವಾದವೊಂದಿದೆ, ಅದಕ್ಕೆ ಸದ್ದು ಕಡಿಮೆ. ಇಷ್ಟೊಂದು ಹುದ್ದೆಗೆ ಸೆನೆಟ್ ಒಪ್ಪಿಗೆ ಯಾಕೆ ಬೇಕು ಎಂಬುದು. 2012ರಲ್ಲಿ ಕಾನೂನು ಮಾಡಿ ನೂರೈವತ್ತಕ್ಕೂ ಜಾಸ್ತಿ ಹುದ್ದೆಗಳನ್ನು ಪಟ್ಟಿಯಿಂದ ಬಿಟ್ಟಿದ್ದರು. ಇನ್ನೂ ಬಿಡಬಹುದು. ಆದರೆ ಪ್ರತಿ ಹುದ್ದೆಯೂ ಯಾವುದೋ ಸೆನೆಟರ್‌ಗೆ ಚೌಕಾಸಿಯ ಸರಕು. ಯಾರು ತಾನೇ ಬಿಟ್ಟುಕೊಡುತ್ತಾರೆ?

ಒಪ್ಪಿಗೆಯನ್ನೇ ತಪ್ಪಿಸಿಕೊಂಡರೆ?

ತಡ ಆಗುತ್ತದೆ ಎಂದರೆ ಅಧ್ಯಕ್ಷರು ಬೇರೆ ದಾರಿ ಹುಡುಕುತ್ತಾರೆ. ಸೆನೆಟ್ ಬಿಡುವಿನಲ್ಲಿದ್ದಾಗ ತಾತ್ಕಾಲಿಕವಾಗಿ ನೇಮಿಸುವ ಅಧಿಕಾರವನ್ನು ಸಂವಿಧಾನವೇ ಕೊಟ್ಟಿದೆ. ಕುದುರೆಯ ಮೇಲೆ ವಾರಗಟ್ಟಲೆ ಪ್ರಯಾಣ ಮಾಡಿ ರಾಜಧಾನಿಗೆ ಬರುತ್ತಿದ್ದ ಕಾಲದ ಏರ್ಪಾಡು. ಒಬಾಮ 2012ರ ಜನವರಿಯಲ್ಲಿ ಮೂರು ದಿನದ ಬಿಡುವಿನಲ್ಲಿ ಕಾರ್ಮಿಕ ಮಂಡಳಿಗೆ ಮೂವರನ್ನು ನೇಮಿಸಿದರು. 2014ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದು ಮಾಡಿತು. ಹತ್ತು ದಿನಕ್ಕಿಂತ ಕಡಿಮೆ ಬಿಡುವು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ ಎಂದಿತು. ಈ ದಾರಿ ಮುಚ್ಚಲು, ಸೆನೆಟ್ ರಜೆಯಲ್ಲಿದ್ದರೂ ಮೂರು ದಿನಕ್ಕೊಮ್ಮೆ ಒಬ್ಬ ಸೆನೆಟರ್ ಬಂದು, ಖಾಲಿ ಸಭೆಯಲ್ಲಿ ಸುತ್ತಿಗೆ ಬಡಿದು, ನಿಮಿಷದೊಳಗೆ ಎದ್ದು ಹೋಗುತ್ತಾರೆ. ಕಾಗದದ ಮೇಲೆ ಬಿಡುವೇ ಇಲ್ಲ.

ಎರಡನೆಯ ದಾರಿ ಹಂಗಾಮಿ ನೇಮಕ. 1998ರ ಕಾನೂನಿನಲ್ಲಿ ಸಾಮಾನ್ಯವಾಗಿ 210 ದಿನದ ಮಿತಿ ಇದೆ. ಹಂಗಾಮಿಯವರು ಇದ್ದರೆ ತಮಗೆ ಅನುಕೂಲ ಎಂದು ಟ್ರಂಪ್ 2019ರಲ್ಲೇ ಬಾಯಿಬಿಟ್ಟು ಹೇಳಿದ್ದರು. ಸೆನೆಟ್‌ನ ಋಣವಿಲ್ಲದವರು ಅಧ್ಯಕ್ಷರ ಮಾತನ್ನೇ ನೋಡಿಕೊಂಡಿರುತ್ತಾರೆ, ಅಷ್ಟೇ.

ಈ ದಾರಿಯ ಅಪಾಯ ಎಂಥದ್ದು ಎಂಬುದು 2025ರ ನವೆಂಬರ್ 24ರಂದು ಗೊತ್ತಾಯಿತು. ಎಫ್‌ಬಿಐನ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ ಮತ್ತು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಲೆಟಿಷಾ ಜೇಮ್ಸ್ ಮೇಲಿನ ಮೊಕದ್ದಮೆಗಳನ್ನು ನ್ಯಾಯಾಲಯ ವಜಾ ಮಾಡಿತು. ಕಾರಣ ಸಾಕ್ಷ್ಯದ ಕೊರತೆ ಅಲ್ಲ, ನೇಮಕದ ದೋಷ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಪ್ರತಿ ಫೆಡರಲ್ ಜಿಲ್ಲೆಗೂ ಒಬ್ಬ ಮುಖ್ಯ ಸರ್ಕಾರಿ ವಕೀಲರು ಇರುತ್ತಾರೆ. ಈ ಹುದ್ದೆಗೆ ಸೆನೆಟ್ ಒಪ್ಪಿಗೆ ಬೇಕು. ಅದು ಖಾಲಿಯಾದರೆ ಅಟಾರ್ನಿ ಜನರಲ್ 120 ದಿನಕ್ಕೆ ಮಧ್ಯಂತರ ನೇಮಕ ಮಾಡಬಹುದು. ಆಮೇಲೆ ನೇಮಿಸುವ ಅಧಿಕಾರ ಅಲ್ಲಿನ ನ್ಯಾಯಾಧೀಶರಿಗೆ ಹೋಗುತ್ತದೆ. ವರ್ಜೀನಿಯಾದ ಪೂರ್ವ ಜಿಲ್ಲೆಯಲ್ಲಿ ಆ 120 ದಿನ ಆಗಲೇ ಒಬ್ಬರ ಲೆಕ್ಕದಲ್ಲಿ ಮುಗಿದಿತ್ತು. ಆದರೂ ಸೆಪ್ಟೆಂಬರ್‌ನಲ್ಲಿ ಲಿಂಡ್ಸೆ ಹ್ಯಾಲಿಗನ್ ಅವರನ್ನು ಮಧ್ಯಂತರವಾಗಿ ಕೂರಿಸಿದರು. 120 ದಿನದ ಗಡಿಯಾರವನ್ನು ಮತ್ತೆ ಮೊದಲಿಂದ ಓಡಿಸಲು ಬರುವುದಿಲ್ಲ ಎಂದರು ನ್ಯಾಯಾಧೀಶೆ. ನೇಮಕವೇ ಅಕ್ರಮವಾದರೆ ಅವರು ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದಿಟ್ಟ ಆರೋಪಪಟ್ಟಿಯೂ ನಿಲ್ಲುವುದಿಲ್ಲ.

ಇಂಥ ಹುದ್ದೆಗೆ ಹೊಸ ಕಟ್ಟಿನ ದಾರಿ ಯಾಕೆ ನೆರವಾಗಲಿಲ್ಲ? ಕಟ್ಟಿನೊಳಗೆ ಸೇರಬೇಕಾದರೆ ಹೆಸರು ಮೊದಲು ಸಮಿತಿ ದಾಟಬೇಕು. ಸರ್ಕಾರಿ ವಕೀಲರ ವಿಷಯದಲ್ಲಿ ಸಮಿತಿಯ ಬಾಗಿಲಲ್ಲಿ ಇನ್ನೊಂದು ಹಳೆಯ ಸಂಪ್ರದಾಯ ಕೂತಿದೆ. ‘ಬ್ಲೂ ಸ್ಲಿಪ್’ ಅದರ ಹೆಸರು. ಆಯಾ ರಾಜ್ಯದ ಇಬ್ಬರು ಸೆನೆಟರ್‌ಗಳು ನೀಲಿ ಚೀಟಿಯಲ್ಲಿ ಒಪ್ಪಿಗೆ ಕೊಡದಿದ್ದರೆ ಹೆಸರು ಮುಂದೆ ಹೋಗದು. ವರ್ಜೀನಿಯಾದ ಇಬ್ಬರೂ ಡೆಮಾಕ್ರಟರು. ಇದರ ಬೇರು ಬಹಳ ಹಳೆಯದು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಸವಾನ್ನಾ ಬಂದರಿನ ಅಧಿಕಾರಿಯೊಬ್ಬರ ಹೆಸರು ಕಳಿಸಿದಾಗ ಜಾರ್ಜಿಯಾದ ಸೆನೆಟರ್‌ಗಳಿಗೆ ಅವರು ಬೇಡವಾಗಿದ್ದರು. ಇಡೀ ಸೆನೆಟ್ ಆ ಹೆಸರನ್ನು ತಿರಸ್ಕರಿಸಿತು. ಈ ಚೀಟಿ ತೆಗೆದುಹಾಕಿ ಎಂದು ಟ್ರಂಪ್ ಒತ್ತಾಯಿಸಿದರೂ ನ್ಯಾಯಾಂಗ ಸಮಿತಿಯ ರಿಪಬ್ಲಿಕನ್ ಅಧ್ಯಕ್ಷ ಚಕ್ ಗ್ರಾಸ್ಲಿ ಒಪ್ಪಲಿಲ್ಲ. ನಾಳೆ ವಿರೋಧ ಪಕ್ಷದಲ್ಲಿ ಕೂತಾಗ ತಮ್ಮ ರಾಜ್ಯಕ್ಕೂ ಅದು ಬೇಕಾಗುತ್ತದೆ ಎಂಬುದು ಸೆನೆಟರ್‌ಗಳಿಗೆ ಗೊತ್ತು.

ಕಟ್ಟು ಎಲ್ಲಿಯವರೆಗೆ ಎಳೆಯುತ್ತದೆ

ಈಗಿನ ಕಟ್ಟಿನ ಪದ್ಧತಿ ಸಚಿವರಿಗೂ ನ್ಯಾಯಾಧೀಶರಿಗೂ ಅನ್ವಯಿಸುವುದಿಲ್ಲ. ಅವರಿಗೆ ಇನ್ನೂ ಒಬ್ಬೊಬ್ಬರಾಗಿಯೇ ಮತ. ರಕ್ಷಣಾ ಸಚಿವ ಪೀಟ್ ಹೆಗ್ಸೆತ್ 2025ರ ಜನವರಿಯಲ್ಲಿ 50–50 ಆಗಿ, ಉಪಾಧ್ಯಕ್ಷ ವಾನ್ಸ್ ಅವರ ಒಂದು ಮತದಿಂದ ಒಳಬಂದರು. ಅಂಥ ಎದೆಬಡಿತ ಮೇಲಿನ ಹುದ್ದೆಗಳಿಗೆ ಉಳಿದಿದೆ. ಆದರೆ ಹಿಂದಿನ ಹೆಜ್ಜೆಗಳನ್ನು ನೋಡಿದರೆ ಈ ಗೆರೆ ಎಷ್ಟು ದಿನ ನಿಲ್ಲುತ್ತದೆ ಎಂಬ ಅನುಮಾನ ಸಹಜ. 2013ರಲ್ಲೂ ‘ಸುಪ್ರೀಂ ಕೋರ್ಟ್ ಬಿಟ್ಟು’ ಎಂದೇ ಗೆರೆ ಎಳೆದಿದ್ದರು. ಅದು ಉಳಿದದ್ದು ಮೂರೂವರೆ ವರ್ಷವೂ ಇಲ್ಲ.

ದಿನನಿತ್ಯದ ಪರಿಣಾಮ ಸರಳ. ಕಟ್ಟು ಬಂದ ಮೇಲೆ ಒಬ್ಬ ಸೆನೆಟರ್ ಹಾಕುವ ಹೋಲ್ಡ್‌ಗೆ ಬೆಲೆ ಕಡಿಮೆ. ಬಹುಮತದ ನಾಯಕ ಆ ಹೆಸರನ್ನು ಮುಂದಿನ ಕಟ್ಟಿಗೆ ಸೇರಿಸಿದರೆ ಮುಗಿಯಿತು. ಭಾರತಕ್ಕೆ ಬರುವ ರಾಯಭಾರಿಗಾಗಿ ಮತ್ತೆ ಎರಡು ವರ್ಷ ಕಾಯುವ ಸಾಧ್ಯತೆಯೂ ಅಷ್ಟರಮಟ್ಟಿಗೆ ಕಡಿಮೆ. ಅದೇ ಹೊತ್ತಿಗೆ, ಸ್ವಂತ ಪಕ್ಷದ ಸೆನೆಟರ್‌ಗೆ ಕಟ್ಟಿನೊಳಗಿನ ಒಬ್ಬರ ಬಗ್ಗೆ ಅನುಮಾನವಿದ್ದರೂ, ಅವರೊಬ್ಬರಿಗಾಗಿ ಉಳಿದ 106 ಜನರ ವಿರುದ್ಧ ಮತ ಹಾಕುವುದು ಕಷ್ಟ. ಗಾರ್ಸೆಟ್ಟಿ ಮತದಾನದಲ್ಲಿ ಕಂಡ ಮೂವರು ಡೆಮಾಕ್ರಟರು, ಏಳು ರಿಪಬ್ಲಿಕನ್ನರಂಥವರಿಗೆ ಇಲ್ಲಿ ಜಾಗವಿಲ್ಲ.

ಇಷ್ಟೆಲ್ಲ ವೇಗ ಸಿಗುವುದು ಅಧ್ಯಕ್ಷರೂ ಸೆನೆಟ್‌ನ ಬಹುಮತವೂ ಒಂದೇ ಪಕ್ಷದ್ದಾಗಿದ್ದರೆ ಮಾತ್ರ. ಈಗ ರಿಪಬ್ಲಿಕನ್ನರ ಬಲ 53. ಸೆನೆಟ್‌ನ ಮೂರನೇ ಒಂದರಷ್ಟು ಸ್ಥಾನಗಳಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, 2026ರ ನವೆಂಬರ್ ಅದರ ಸರದಿ. ಬಹುಮತ ಕೈ ಬದಲಾಯಿಸಿದರೆ ಕಟ್ಟು ಕಟ್ಟುವ ಅಧಿಕಾರವೂ ಕೈ ಬದಲಾಯಿಸುತ್ತದೆ. ಆಗ ಹೊಸ ನಾಯಕರಿಗೆ ಹೋಲ್ಡ್ ಬೇಡ, ಕ್ಲೋಚರ್ ಬೇಡ, ದೀರ್ಘ ಭಾಷಣವೂ ಬೇಡ. ಹೆಸರನ್ನು ಪಟ್ಟಿಯಿಂದ ಎತ್ತದೆ ಇದ್ದರೆ ಸಾಕು. 2016ರ ಮಾರ್ಚ್‌ನಲ್ಲಿ ಒಬಾಮ ಸುಪ್ರೀಂ ಕೋರ್ಟ್‌ಗೆ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದಾಗ ಮೆಕಾನೆಲ್ ಮಾಡಿದ್ದು ಅದನ್ನೇ. ವಿಚಾರಣೆ ಇಲ್ಲ, ಸಮಿತಿ ಮತ ಇಲ್ಲ, ಸಭೆಯ ಮತವೂ ಇಲ್ಲ. ಹೆಸರು 293 ದಿನ ಅಲ್ಲೇ ಇತ್ತು. 2017ರ ಜನವರಿ 3ರಂದು ಆ ಸೆನೆಟ್‌ನ ಅವಧಿ ಮುಗಿಯಿತು, ಕಾಗದ ಶ್ವೇತಭವನಕ್ಕೆ ವಾಪಸ್ ಹೋಯಿತು.